ಹೆಸರಿಲ್ಲದ ಹದಿನಾಲ್ಕು ಸಾಲು

ಹದಿನಾರನೆಯ ಶತಮಾನದ ಪೋರ್ಚುಗೀಸ್ ಕವಿ ಲುಯೀಸ್ ದ ಕಮೋಯಿಶ್ ಬರೆದ ಒಂದು ಪ್ರೇಮ ಸಾನೆಟ್ ಪೋರ್ಚುಗೀಸ್ ಶಾಲೆ ಕಂಡ ಎಷ್ಟೋ ಜನಕ್ಕೆ ಬಾಯಿಪಾಠ. ಪ್ರೀತಿ ಅಂದರೆ ಏನು ಎಂದು ಹೇಳಲು ಹೊರಟ ಪದ್ಯ ಅದು. ಬೆಂಕಿಯಿಂದ ಶುರುವಾಗಿ ಗಾಯಕ್ಕೆ ಹೋಗುತ್ತದೆ. ಸುಖ, ನೋವು, ಒಂಟಿತನ, ಗಳಿಕೆ, ಸೆರೆ, ಸೇವೆ ಅಂತ ಒಂದೊಂದನ್ನೇ ಎತ್ತಿಕೊಂಡು ಅದರ ವಿರುದ್ಧದ್ದಕ್ಕೆ ಗಂಟು ಹಾಕುತ್ತ ಹನ್ನೊಂದು ಸಾಲು ಸಾಗುತ್ತದೆ. ಕೊನೆಯ ಮೂರು ಸಾಲಿನಲ್ಲಿ ಒಂದು ಪ್ರಶ್ನೆ ಕೇಳಿ ನಿಂತುಬಿಡುತ್ತದೆ. ಓದಿ ಮುಗಿಸಲು ಒಂದು ನಿಮಿಷವೂ ಬೇಡ. ನನಗೆ ಮಾತ್ರ ಇಡೀ ಮಳೆಗಾಲ ಹಿಡಿಯಿತು. ಆ ಮಳೆಗಾಲ ನಾನಿದ್ದದ್ದು ಮಡಗಾಂವಿನ ಮೋತಿ ಡೊಂಗರಿನ ಬುಡದಲ್ಲಿ, ಒಂದು ಹಳೇ ಮನೆಯ ಬಾಡಿಗೆ ಕೋಣೆಯಲ್ಲಿ.

ಗೋವೆಗೆ ಪ್ರವಾಸ ಬರುವವರು ಮೋತಿ ಡೊಂಗರ್ ನೋಡುವುದಿಲ್ಲ. ಮಡಗಾಂವಿನಲ್ಲಿ ರೈಲಿಳಿದವರೇ ಕೋಲ್ವಾ ಕಡೆಗೋ ಬೆನಾವಲಿ ಕಡೆಗೋ ಹೊರಟುಹೋಗುತ್ತಾರೆ. ಗುಡ್ಡದ ಮೇಲೆ ಮೇರಿ ಮಾತೆಯ ಪುಟ್ಟ ಹಳೆಯ ಚಾಪೆಲ್ ಇದೆ. ಅಲ್ಲಿ ನಿಂತರೆ ಮಡಗಾಂವಿನ ಸುತ್ತಲಿನ ಸಾಷ್ಟಿ ಸೀಮೆಯ ತೆಂಗಿನ ತೋಟಗಳ ಹಸಿರು ಪಡುವಣ ಕಡಲಿನ ಕಡೆಗೆ ಹಾಸಿಕೊಂಡು ಹೋಗುವುದು ಕಾಣುತ್ತದೆ. ಇಳಿಜಾರಿನಲ್ಲಿ ಒತ್ತೊತ್ತಾಗಿ ಮನೆಗಳು: ಚಿರೇಕಲ್ಲಿನ ಗೋಡೆ, ತಗಡಿನ ಮಾಡು, ಮಳೆಗಾಲಕ್ಕೆ ಅದರ ಮೇಲೊಂದು ನೀಲಿ ತಾಡಪತ್ರಿ. ಆ ಓಣಿಗಳಲ್ಲಿ ಕನ್ನಡ ಹುಡುಕಿಕೊಂಡು ಹೋಗಬೇಕಾಗಿಲ್ಲ, ನಡೆದು ಹೋದರೆ ತಾನೇ ಕಿವಿಗೆ ಬೀಳುತ್ತದೆ. ಬಾಗಲಕೋಟೆ, ವಿಜಯಪುರ, ಗದಗ, ಹಾವೇರಿ, ಕೊಪ್ಪಳದ ಕಡೆಯ ಕನ್ನಡ. ಗೌಂಡಿ ಕೆಲಸ, ಸೆಂಟ್ರಿಂಗ್ ಕೆಲಸ, ಮಾರ್ಕೆಟ್ಟಿನಲ್ಲಿ ಹಮಾಲಿ, ಮನೆಗೆಲಸ. ಮಡಗಾಂವಿನ ಎಷ್ಟೋ ಕಟ್ಟಡಗಳು ಎದ್ದದ್ದು ಇಂಥವರ ಕೈಯಿಂದ. ಊರಿನ ಕೆಲವರ ಬಾಯಲ್ಲಿ ಇವರು ‘ಘಾಟಿ’ಗಳು, ಘಟ್ಟದಾಚೆಯವರು ಎಂಬ ಹೀಯಾಳಿಕೆ. ಇಲ್ಲೇ ಹುಟ್ಟಿ, ಕೊಂಕಣಿ ಆಡಿಕೊಂಡು ಬೆಳೆದ ಮಕ್ಕಳಿಗೂ ಆ ಮಾತು ತಪ್ಪಿಲ್ಲ.

ನನ್ನ ಮನೆ ಮಾಲೀಕರು ಪೋರ್ಚುಗೀಸರ ಆಳ್ವಿಕೆ ಮುಗಿದ 1961ಕ್ಕೆ ಮೊದಲು ಪೋರ್ಚುಗೀಸ್ ಶಾಲೆಯಲ್ಲಿ ಕಲಿತವರು. ಸಂಜೆ ತೆರ್ಸ್ ಪ್ರಾರ್ಥನೆ ಮುಗಿದ ಮೇಲೆ ಬಲ್ಕಾಂವ್ ಎಂಬ ಮುಂಜಗಲಿಯ ಮೇಲೆ ಕೂತು ಪದ್ಯ ಹೇಳಿಕೊಡುತ್ತಿದ್ದರು. ಪುಸ್ತಕ ಬೇಕಾಗಿರಲಿಲ್ಲ. ಮೊದಲ ಸಲ ಸುಮ್ಮನೆ ಹೇಳಿದರು. ಎರಡನೆಯ ಸಲ ತೊಡೆಯ ಮೇಲೆ ಬೆರಳು ತಟ್ಟುತ್ತ ಹೇಳಿದರು. ಪ್ರತಿ ಸಾಲಿಗೂ ಹತ್ತು ಉಚ್ಚಾರ, ಆರನೆಯದರ ಮೇಲೆ ಒಂದು ಒತ್ತು, ಹತ್ತನೆಯದರ ಮೇಲೆ ಇನ್ನೊಂದು. ಲಲಿತ ರಗಳೆಯ ಐದೈದು ಮಾತ್ರೆಗೆ ಪಳಗಿದ ನನ್ನ ಕಿವಿಗೆ ಅದು ಒಂದು ಕಾಲು ಎತ್ತಿ ನಡೆದ ಹಾಗೆ ಕೇಳಿಸಿತು. ಸಾಲಿನ ನಡು ದಾಟಿದ ಮೇಲೆ ಒಂದು ಬಿಗಿ, ಅಲ್ಲಿಂದ ಕೊನೆಗೆ ಒಂದು ಇಳಿತ. ಪದ್ಯದ ಅರ್ಥವೂ ಹಾಗೆಯೇ ನಡೆಯುತ್ತದೆ ಎಂದು ತಿಳಿಯಲು ಸ್ವಲ್ಪ ದಿನ ಬೇಕಾಯಿತು. ಸಾಲಿನ ಮೊದಲ ಭಾಗ ಏನನ್ನೋ ಕೊಡುತ್ತದೆ, ಬಿಗಿ ದಾಟಿದ ಮೇಲಿನ ಭಾಗ ಅದನ್ನು ಕಿತ್ತುಕೊಳ್ಳುತ್ತದೆ.

ಈ ಪದ್ಯದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಪ್ರಾಸಗಳು. ಮೊದಲ ಎಂಟು ಸಾಲಿಗೆ ಎರಡೇ ಪ್ರಾಸ. ಹೊರಗಿನ ಸಾಲುಗಳಿಗೆ ಒಂದು, ಒಳಗಿನ ಸಾಲುಗಳಿಗೆ ಇನ್ನೊಂದು. ಹೊರಗಿನ ನಾಲ್ಕು ಪ್ರಾಸಪದಗಳನ್ನಷ್ಟೇ ಬಿಡಿಸಿ ಒಂದರ ಕೆಳಗೊಂದು ಬರೆದು ನೋಡಿ: ಕಾಣುವುದು, ನೋಯುವುದು, ಬಯಸುವುದು, ಕಳೆದುಕೊಳ್ಳುವುದು. ನಾಲ್ಕೂ ಕ್ರಿಯೆಗಳು. ಪದ್ಯದ ಉಳಿದದ್ದೆಲ್ಲ ಅಳಿಸಿಹೋದರೂ ಒಂದು ಪ್ರೇಮದ ಕಥೆ ಆ ಅಂಚಿನಲ್ಲಿ ಉಳಿದಿರುತ್ತದೆ. ಒಳಗಿನ ಪ್ರಾಸದಲ್ಲಿ ತೃಪ್ತಿ, ಅತೃಪ್ತಿ ಎರಡೂ ಒಂದೇ ದನಿಯಲ್ಲಿ ಮುಗಿಯುತ್ತವೆ. ಅವೆರಡರ ನಡುವೆ ಜನ ಇದ್ದಾರೆ, ಜನರ ನಡುವೆ ಒಬ್ಬನೇ ನಡೆಯುವ ಒಂದು ಚಿತ್ರ ಇದೆ. ಶನಿವಾರ ಸಂಜೆ ಪಗಾರ ಆದ ಮೇಲೆ ಮಡಗಾಂವಿನ ಮಾರ್ಕೆಟ್ಟಿಗೆ ಇಳಿದು ಬರುವ ಹುಡುಗರನ್ನು ನೋಡುವಾಗ, ಮೊಬೈಲು ಕಿವಿಗಿಟ್ಟುಕೊಂಡು ಗದ್ದಲದ ನಡುವೆ ಊರಿನ ಯಾರ ಜೊತೆಗೋ ಮೆಲ್ಲಗೆ ಮಾತಾಡುತ್ತ ನಡೆಯುವವರನ್ನು ನೋಡುವಾಗ, ನನಗೆ ಆ ಸಾಲೇ ನೆನಪಾಗುತ್ತಿತ್ತು.

ವಿರೋಧಗಳನ್ನು ಹೀಗೆ ಪೋಣಿಸುವುದು ಕಮೋಯಿಶನಿಗೆ ಮೊದಲೇ ಇದ್ದ ರೂಢಿ. ಸಾನೆಟ್ ಹುಟ್ಟಿದ್ದು 13ನೇ ಶತಮಾನದ ಸಿಸಿಲಿಯಲ್ಲಿ. ಮುಂದಿನ ಶತಮಾನದಲ್ಲಿ ಪೆಟ್ರಾರ್ಕ್, ಬಹುಪಾಲು ಲಾರಾ ಎಂಬವಳ ಮೇಲೆ, ಮುನ್ನೂರಕ್ಕೂ ಹೆಚ್ಚು ಸಾನೆಟ್ ಬರೆದು ಅದನ್ನು ಯುರೋಪಿನ ಪ್ರೇಮದ ಭಾಷೆಯನ್ನಾಗಿ ಮಾಡಿದ. 1526ರಲ್ಲಿ ಇಟಲಿಯಿಂದ ಮರಳಿದ ಕವಿ ಸಾ ದ ಮಿರಾಂಡ ಆ ರೂಪವನ್ನು ಪೋರ್ಚುಗಲ್ಲಿಗೆ ತಂದ. ಉರಿಯುತ್ತೇನೆ, ಹೆಪ್ಪುಗಟ್ಟುತ್ತೇನೆ ಎಂಬ ಧಾಟಿ ಪೆಟ್ರಾರ್ಕನದೇ. ಅವನಲ್ಲಿ ಎಲ್ಲ ಕಡೆಯೂ ‘ನಾನು’ ಇದೆ. ಕಮೋಯಿಶ್ ಮಾಡಿದ ಕೆಲಸ ಏನೆಂದರೆ ಆ ‘ನಾನು’ವನ್ನು ಎತ್ತಿ ಹೊರಗಿಟ್ಟದ್ದು. ಈ ಹದಿನಾಲ್ಕು ಸಾಲಿನಲ್ಲಿ ನಾನು ಇಲ್ಲ, ನೀನು ಇಲ್ಲ, ಅವಳ ಕಣ್ಣಿಲ್ಲ, ಕೂದಲಿಲ್ಲ, ಊರಿಲ್ಲ. ಹನ್ನೊಂದನೆಯ ಸಾಲಿನಲ್ಲಿ ಒಮ್ಮೆ ಮಾತ್ರ ‘ನಮ್ಮನ್ನು’ ಎಂದು ಬರುತ್ತದೆ, ಅದೂ ಕೊಲ್ಲುವ ಮಾತು ಬಂದಾಗ.

ಕನ್ನಡದಲ್ಲಿ ಬೆಳೆದವರಿಗೆ ವಿರೋಧಾಭಾಸದ ಮಾತು ಹೊಸದಲ್ಲ. ಅಲ್ಲಮನ ಬೆಡಗಿನ ವಚನಗಳನ್ನು ಕೇಳಿದ ಕಿವಿ ಇದಕ್ಕಿಂತ ಕಠಿಣವಾದದ್ದನ್ನು ದಾಟಿ ಬಂದಿದೆ. ಆದರೆ ಬೆಡಗಿನ ದಾರಿ ಬೇರೆ. ಬೆಡಗು ಕೇಳುವವನ ತಿಳಿವಳಿಕೆಯ ಕಟ್ಟನ್ನೇ ಒಡೆದು, ಮಾತು ಸಾಯುವ ಜಾಗಕ್ಕೆ ಅವನನ್ನು ಕರೆದೊಯ್ಯುತ್ತದೆ. ಸಾನೆಟ್ಟಿನಲ್ಲಿ ಕಟ್ಟು ಒಡೆಯುವುದಿಲ್ಲ. ಒಳಗೆ ಎಲ್ಲವೂ ತಿರುವುಮುರುವು, ಹೊರಗೆ ಎಂಟು-ಆರರ ಲೆಕ್ಕ, ಪ್ರಾಸದ ಲೆಕ್ಕ, ಒತ್ತಿನ ಲೆಕ್ಕ ಒಂದಿಷ್ಟೂ ತಪ್ಪಿಲ್ಲ. ಪ್ರೀತಿಯ ಬಗ್ಗೆ ಇಷ್ಟು ಗೊಂದಲದ ಮಾತನ್ನು ಇಷ್ಟು ನೆಟ್ಟಗೆ ಹೇಳಿದ್ದೇ ಈ ಪದ್ಯದ ದೊಡ್ಡಸ್ತಿಕೆ ಎಂದು ನನ್ನ ಎಣಿಕೆ.

ಒಂಬತ್ತನೆಯ ಸಾಲಿನಿಂದ ಪದಗಳ ಕುಲ ಬದಲಾಗುತ್ತದೆ. ಅಲ್ಲಿಯವರೆಗೆ ಬೆಂಕಿ, ಗಾಯ, ನೋವು. ಇಲ್ಲಿಂದ ಸೆರೆ, ಗೆದ್ದವನು, ಸೋತವನು, ಸೇವೆ, ನಿಷ್ಠೆ. ದಂಡಿನ ಮತ್ತು ದರ್ಬಾರಿನ ಶಬ್ದಗಳು. ಗೆದ್ದವನೇ ಸೋತವರ ಊಳಿಗ ಮಾಡುವುದು ಪ್ರೀತಿ ಎಂಬ ಅರ್ಥದ ಒಂದು ಮಾತು ಬರುತ್ತದೆ. ಲಿಸ್ಬನ್ನಿನಲ್ಲಿ ಕೂತು ಓದಿದರೆ ಇದು ಹಳೆಯ ರಾಜಾಸ್ಥಾನದ ಸೊಗಸು. ಮೋತಿ ಡೊಂಗರಿನ ಕೆಳಗೆ ಕೂತು ಓದಿದರೆ ಹಾಗೆ ಉಳಿಯುವುದಿಲ್ಲ. ಈ ಸಾಷ್ಟಿ ಸೀಮೆ 1543ರಲ್ಲಿ ಬಿಜಾಪುರದ ಆದಿಲಶಾಹಿಯ ಕೈತಪ್ಪಿ ಪೋರ್ಚುಗೀಸರ ಪಾಲಾಯಿತು. ಮಡಗಾಂವಿನ ದೊಡ್ಡ ಇಗರ್ಜಿ, ಪವಿತ್ರಾತ್ಮದ ಚರ್ಚು, ಮೊದಲು ಎದ್ದದ್ದು 1565ರಲ್ಲಿ, ದಾಮೋದರ ದೇವಸ್ಥಾನವಿದ್ದ ಜಾಗದಲ್ಲಿ. ದೇವರು ಜಾಂಬಾವಲಿಗೆ ಹೋದ, ಇವತ್ತಿಗೂ ಅಲ್ಲೇ ಇದ್ದಾನೆ. ಈ ಘಟನೆಗಳ ನಡುವೆ, 1553ರ ಸೆಪ್ಟೆಂಬರಿನಲ್ಲಿ ಕಮೋಯಿಶ್ ಗೋವೆಗೆ ಬಂದಿಳಿದ. ಗೆದ್ದವರ ಪೈಕಿಯವನಾಗಿ ಬಂದ.

ಆ ಕಾಲದ ಗೋವೆಯ ಬೀದಿಯನ್ನು ಡಚ್ಚಿನವನಾದ ಲಿನ್ಸ್‌ಹೋಟನ್ ಮೂವತ್ತು ವರ್ಷಗಳ ನಂತರ ನೋಡಿ ಬರೆದಿಟ್ಟಿದ್ದಾನೆ. ನಗರದ ಮುಖ್ಯ ಬೀದಿಯಲ್ಲಿ ದಿನಾ ಹರಾಜು ನಡೆಯುತ್ತಿತ್ತು. ಕುದುರೆ, ಬಟ್ಟೆ, ಒಡವೆಗಳ ಜೊತೆಗೆ ಗಂಡಾಳು, ಹೆಣ್ಣಾಳುಗಳನ್ನೂ ಮಾರುತ್ತಿದ್ದರು. ಸೆರೆ ಎಂಬ ಶಬ್ದಕ್ಕೆ ಅಲ್ಲಿ ಮೈ ಇತ್ತು, ಬೆಲೆ ಇತ್ತು. ಕಮೋಯಿಶ್ ಬಾರ್ಬರಾ ಎಂಬ ಕಪ್ಪು ಕಣ್ಣಿನ ಸೆರೆಯಾಳು ಹೆಣ್ಣಿನ ಮೇಲೆ ಒಂದು ಪದ್ಯ ಬರೆದಿದ್ದಾನೆ. ಸಾನೆಟ್ ಅಲ್ಲ ಅದು, ಸಣ್ಣ ಸಾಲುಗಳ ಹಾಡು. ಅವಳು ನನ್ನ ಸೆರೆಯಾಳು, ನಾನು ಅವಳ ಸೆರೆಯಾಳು ಎಂಬುದೇ ಅದರ ಎಳೆ. ಕಪ್ಪು ಬಣ್ಣವನ್ನು ಯುರೋಪಿನ ಚೆಲುವಿಗೆ ಎದುರಾಗಿ ನಿಲ್ಲಿಸಿ, ಇವಳೇ ಮೇಲು ಎಂದು ಹೇಳುವ ಧೈರ್ಯ ಅದರಲ್ಲಿದೆ. ಅದನ್ನು ನಾನು ಪ್ರೀತಿಯಿಂದಲೇ ಓದುತ್ತೇನೆ. ಆದರೂ ಅವಳಿಗೆ ಆ ಹಾಡು ಓದಿ ಹೇಳಿದವರು ಯಾರು, ಬೇಡ ಎಂದು ಎದ್ದು ಹೋಗುವ ಸ್ವಾತಂತ್ರ್ಯ ಅವಳಿಗಿತ್ತೇ ಎಂಬ ಪ್ರಶ್ನೆ ಬಿಡುವುದಿಲ್ಲ. ಬಂಧನ ಬೇಕೆಂದು ಬಯಸುವುದು ಪ್ರೀತಿ ಎಂದು ಹೇಳಬಲ್ಲವನು ಬೇಡವೆಂದಾಗ ಬಿಡಿಸಿಕೊಳ್ಳಬಲ್ಲವನು ಮಾತ್ರ. ಈ ನೆಲದಲ್ಲಿ ಓದುವಾಗ ಸಾನೆಟ್ಟಿನ ಒಂಬತ್ತು-ಹತ್ತನೆಯ ಸಾಲುಗಳ ಮೇಲೆ ಆ ಹೆಣ್ಣಿನ ನೆರಳು ಬೀಳಲೇಬೇಕು. ಬಿದ್ದ ಮೇಲೂ ಸಾಲು ನಿಲ್ಲುತ್ತದೆ. ನೆರಳಿಲ್ಲದೆ ಓದಿದ್ದಕ್ಕಿಂತ ಭಾರವಾಗಿ ನಿಲ್ಲುತ್ತದೆ.

ಗೆದ್ದವರ ಪೈಕಿ ಎಂದೆ, ಆದರೆ ಮನುಷ್ಯ ಗೆದ್ದದ್ದು ಕಡಿಮೆ. ಮೊರಾಕ್ಕೋದ ಕಡೆ ಸಿಪಾಯಿಯಾಗಿದ್ದಾಗಲೇ ಒಂದು ಕಣ್ಣು ಹೋಗಿತ್ತು. 1552ರಲ್ಲಿ ಬೀದಿ ಜಗಳದಲ್ಲಿ ಅರಮನೆಯ ನೌಕರನೊಬ್ಬನನ್ನು ಗಾಯಗೊಳಿಸಿ ಜೈಲು ಸೇರಿದ. ಕ್ಷಮೆ ಸಿಕ್ಕಿದ ಮೇಲೆ ಹಡಗು ಹತ್ತಿದ. ಗೋವೆಯನ್ನು ಬಯ್ದು ಪತ್ರ ಬರೆದ, ಇಲ್ಲಿನ ಪೋರ್ಚುಗೀಸರ ಭ್ರಷ್ಟತನವನ್ನು ಹೀಯಾಳಿಸಿ ಪದ್ಯ ಬರೆದ. ವಾಪಸು ಹೊರಟವನು ಮೊಜಾಂಬಿಕಿನಲ್ಲಿ ಕಾಸಿಲ್ಲದೆ ಸಿಕ್ಕಿಬಿದ್ದ. ಗೆಳೆಯರು ಸೇರಿ ಸಾಲ ತೀರಿಸಿ ಕರೆದೊಯ್ದದ್ದನ್ನು ಗೋವೆಯ ಇತಿಹಾಸಕಾರ ದಿಯೋಗು ದು ಕೋಟು ಬರೆದಿದ್ದಾನೆ. ಕಟ್ಟಿಟ್ಟಿದ್ದ ಕವಿತೆಗಳ ಹಸ್ತಪ್ರತಿ ಅಲ್ಲೇ ಕಳುವಾಯಿತಂತೆ. 1572ರಲ್ಲಿ ಮಹಾಕಾವ್ಯ ‘ಲೂಸಿಯಾಡ್’ ಅಚ್ಚಾಯಿತು. 1580ರ ಜೂನ್ 10ರಂದು ತೀರಿಕೊಂಡ. ಸಾನೆಟ್ಟುಗಳು ಪುಸ್ತಕವಾದದ್ದು ಅವನು ಹೋದ ಮೇಲೆ, 1595ರಲ್ಲಿ ಒಮ್ಮೆ, ಹೆಚ್ಚಿನ ಪದ್ಯಗಳೊಂದಿಗೆ 1598ರಲ್ಲಿ ಮತ್ತೊಮ್ಮೆ. ಅವನ ಕೈಬರಹದ ಒಂದು ಭಾವಗೀತೆಯೂ ಉಳಿದಿಲ್ಲ. ಹಾಗಾಗಿ ನಮ್ಮ ಸಾನೆಟ್ ಹಡಗು ಹತ್ತುವ ಮೊದಲಿನದೋ ಗೋವೆಯದೋ ಎಂಬ ವಾದಕ್ಕೆ ಕೊನೆಯಿಲ್ಲ.

ಅವನ ಕವಿತೆ ಮೊದಲು ಅಚ್ಚಾದದ್ದು ಮಾತ್ರ ಗೋವೆಯಲ್ಲೇ, 1563ರಲ್ಲಿ, ಗೆಳೆಯ ಗಾರ್ಸಿಯಾ ದ ಓರ್ತ ಬರೆದ ಗಿಡಮೂಲಿಕೆಗಳ ಪುಸ್ತಕದ ಮುಂದಿನ ಪುಟಗಳಲ್ಲಿ. ಇಂಗು, ಕರ್ಪೂರ, ಮೆಣಸು, ಮಾವುಗಳ ನಡುವೆ ಒಬ್ಬ ಮಹಾಕವಿಯ ಮೊದಲ ಮುದ್ರಿತ ಪದ್ಯ. ಓರ್ತ ಹುಟ್ಟಿನಿಂದ ಯಹೂದಿ ಮನೆತನದವನು. ಅವನು ಸತ್ತು ಹನ್ನೆರಡು ವರ್ಷವಾದ ಮೇಲೆ, ಕಮೋಯಿಶ್ ತೀರಿಕೊಂಡ ಅದೇ 1580ರಲ್ಲಿ, ಗೋವೆಯ ಇನ್‌ಕ್ವಿಸಿಷನ್, ಅಂದರೆ ಧರ್ಮದ್ರೋಹ ವಿಚಾರಿಸುವ ಚರ್ಚಿನ ನ್ಯಾಯಮಂಡಳಿ, ಅವನ ಎಲುಬುಗಳನ್ನು ಅಗೆದು ತೆಗೆಸಿ ಸುಟ್ಟಿತು.

ಅದೇ ಇನ್‌ಕ್ವಿಸಿಷನ್ನಿನ ಕಾಲದಲ್ಲಿ ಗೋವೆ ಬಿಟ್ಟು ದಕ್ಷಿಣಕ್ಕೆ ಹೋದ ಕೊಂಕಣಿಗರು ಕನ್ನಡ ಕರಾವಳಿಯುದ್ದಕ್ಕೂ ನೆಲೆಸಿದರು. ಆ ಸಮುದಾಯದ ಮಂಜೇಶ್ವರದ ಗೋವಿಂದ ಪೈಗಳು ಕನ್ನಡದಲ್ಲಿ ಮೊದಮೊದಲು ಸಾನೆಟ್ ಬರೆದವರಲ್ಲಿ ಒಬ್ಬರು. ಆಮೇಲೆ ಮಾಸ್ತಿ ಬರೆದರು, ಬೇಂದ್ರೆ ಬರೆದರು, ಕುವೆಂಪು ‘ಕೃತ್ತಿಕೆ’ಯ ತುಂಬ ಬರೆದರು. ಸುನೀತ ಎಂದೂ ಅಷ್ಟಷಟ್ಪದಿ ಎಂದೂ ಅದಕ್ಕೆ ನಮ್ಮ ಹೆಸರಾಯಿತು. ಇಂಗ್ಲಿಷಿನ ದಾರಿಯಿಂದ ನಮಗೆ ಬಂದ ಈ ರೂಪ, ಮುನ್ನೂರೈವತ್ತು ವರ್ಷ ಮೊದಲೇ ಕನ್ನಡ ಸೀಮೆಯ ಹೊಸ್ತಿಲಿನಲ್ಲಿ, ಇನ್ನೊಂದು ಭಾಷೆಯಲ್ಲಿ ಬಂದು ಕೂತಿತ್ತು.

ನಾನು ಗುಡ್ಡದ ಮೇಲಿನ ಓಣಿಯ ಒಂದು ಮನೆಯಿಂದ ಜೋಳದ ರೊಟ್ಟಿ ತರುತ್ತಿದ್ದೆ. ಇಳಕಲ್ ಕಡೆಯ ಹೆಣ್ಣುಮಗಳು. ಗಂಡ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಾನೆ, ಕೆಲಸ ದೂರದಲ್ಲಿ ಸಿಕ್ಕರೆ ವಾರಗಟ್ಟಲೆ ಬರುವುದಿಲ್ಲ. ಮಳೆ ನಿಲ್ಲದ ಒಂದು ಮಧ್ಯಾಹ್ನ, ರೊಟ್ಟಿ ಬೇಯುವವರೆಗೆ ಕೂರಬೇಕಾದಾಗ ಪದ್ಯದ ಅರ್ಥ ಹೇಳಿದೆ. ಅವಳು ಹಿಟ್ಟು ನಾದುತ್ತಲೇ ಕೇಳಿದಳು. ಮುಗಿದ ಮೇಲೆ, “ಇದೆಲ್ಲಾ ಖರೇ ಐತ್ರಿ. ಆದ್ರ ಅಕೀ ಯಾರು? ಅಕೀ ಹೆಸರ ಏನು?” ಅಂದಳು.

ನಾಲ್ಕು ಶತಮಾನದಿಂದ ಪಂಡಿತರು ಕೇಳುತ್ತಿರುವುದೂ ಅದನ್ನೇ. ರಾಜಕುಮಾರಿ ಮರಿಯಾ ಎಂದು ಕೆಲವರು. ಅರಮನೆಯ ಕತೆರೀನಾ ಎಂದು ಕೆಲವರು. ಅವಳ ಹೆಸರಿನ ಅಕ್ಷರಗಳನ್ನು ಅದಲುಬದಲು ಮಾಡಿದರೆ ಅವನ ಪದ್ಯಗಳಲ್ಲಿ ಬರುವ ನಟೇರ್ಸಿಯಾ ಆಗುತ್ತದೆ. ಮೆಕಾಂಗ್ ನದಿಯ ಬಾಯಲ್ಲಿ ಹಡಗು ಒಡೆದಾಗ ಮುಳುಗಿಹೋದ ಚೀನಾದ ಹುಡುಗಿಯೊಬ್ಬಳ ಕಥೆಯೂ ಇದೆ. ಬೇರೊಂದು ಸಾನೆಟ್ಟಿನಲ್ಲಿ ಅವನು ದಿನಮೇನೆ ಎಂದು ಕರೆದು ಅಳುವುದು ಅವಳನ್ನೇ ಎನ್ನುತ್ತಾರೆ. ದಿನಮೇನೆ ಗ್ರೀಕ್ ಪುರಾಣದ ಕಡಲಕನ್ಯೆಯ ಹೆಸರು, ಹುಡುಗಿಯ ನಿಜವಾದ ಹೆಸರಲ್ಲ. ನಮ್ಮ ಸಾನೆಟ್ಟಿನಲ್ಲಿ ಅಂಥ ಮುಸುಕಿನ ಹೆಸರೂ ಇಲ್ಲ.

ರೊಟ್ಟಿಯ ಹೆಣ್ಣುಮಗಳಿಗೆ ಇದು ಸರಿಬರಲಿಲ್ಲ. ಯಾಕೆ ಬರಬೇಕು? ಅವಳು ಬಂದ ಸೀಮೆಯಲ್ಲಿ ಪ್ರೀತಿಯ ಪದ್ಯ ಇರುವುದೇ ಹೆಸರಿಗಾಗಿ. ಗಂಡನ ಹೆಸರನ್ನು ಸುಮ್ಮನೆ ಬಾಯಲ್ಲಿ ಆಡುವಂತಿಲ್ಲ. ಮದುವೆಯಲ್ಲಿ, ಬಸುರಿಗೆ ಮಾಡುವ ಕುಬಸದಲ್ಲಿ ಎಲ್ಲರೂ ಸೇರಿ ಹೇಳು ಹೇಳು ಎಂದು ದುಂಬಾಲು ಬಿದ್ದಾಗ ಮಾತ್ರ, ಒಡಪು ಕಟ್ಟಿ ಹೇಳಬೇಕು. ಆ ಶ್ರಾವಣದಲ್ಲಿ ಗುಡ್ಡದ ಒಂದು ಕುಬಸಕ್ಕೆ ನನ್ನನ್ನೂ ಕರೆದಿದ್ದರು. ತಗಡಿನ ಮಾಡಿನ ಕೆಳಗೆ ಹಸಿರು ಸೀರೆ, ಹಸಿರು ಬಳೆ, ಉಡಿ ತುಂಬುವ ಗದ್ದಲ. ಒಬ್ಬೊಬ್ಬಳೇ ಎದ್ದು ಒಡಪು ಹೇಳಿದಳು. ಮೊದಲ ಸಾಲಿನಲ್ಲಿ ಕಟ್ಟೆ, ಬಾವಿ, ಮಲ್ಲಿಗೆ, ಬೆಳ್ಳಿ ತಾಟು, ಏನಾದರೂ ಕಣ್ಣೆದುರಿನದು. ಒಬ್ಬಳು ಕಡಲನ್ನೂ ತಂದಳು. ಮುಂದಿನ ಸಾಲು ಅದಕ್ಕೆ ಪ್ರಾಸ ಕೂಡಿಸುತ್ತ, ಇನ್ನೇನು ಬಂತು ಎನ್ನುವ ತನಕ ತಡೆದು, ಕೊನೆಯ ಜಾಗದಲ್ಲಿ ಗಂಡನ ಹೆಸರನ್ನು ಇಟ್ಟುಬಿಡುತ್ತದೆ. ಹೆಸರು ಬೀಳುವ ಮುಂಚಿನ ಒಂದು ಗಳಿಗೆ ಇಡೀ ಮನೆ ಉಸಿರು ಹಿಡಿದಿರುತ್ತದೆ. ರೊಟ್ಟಿಯ ಹೆಣ್ಣುಮಗಳು ತನ್ನ ಸರದಿ ಬಂದಾಗ ಸೆರಗು ಬಾಯಿಗಿಟ್ಟುಕೊಂಡು ಒಂದೇ ಉಸಿರಿನಲ್ಲಿ ಹೇಳಿ ಕೂತುಬಿಟ್ಟಳು. ವಾರಗಟ್ಟಲೆ ಮನೆಗೆ ಬಾರದವನ ಹೆಸರು ಅಷ್ಟು ಜನರ ನಡುವೆ ಕೊನೆಯ ಪ್ರಾಸದ ಮೇಲೆ ಸರಿಯಾಗಿ ಬಂದು ಕೂತಿತು.

ಸಾನೆಟ್ಟಿನ ಕೊನೆಯ ಸಾಲು ನನಗೆ ಸರಿಯಾಗಿ ಕೇಳಿಸಿದ್ದು ಆ ರಾತ್ರಿ. ಅದರ ಕೊನೆಯ ಪದ ಪ್ರೀತಿ. ಮೊದಲ ಪದವೂ ಅದೇ. ಇಷ್ಟನ್ನು ಯಾರಾದರೂ ಗುರುತಿಸುತ್ತಾರೆ. ಆದರೆ ಕೊನೆಯಲ್ಲಿ ಅದು ಪ್ರಾಸದ ಜಾಗದಲ್ಲಿದೆ, ಗೆದ್ದವನು, ಕೃಪೆ ಎಂಬ ಪದಗಳ ದನಿಗೆ ದನಿ ಕೂಡಿಸಿಕೊಂಡು. ಅಚ್ಚಿನಲ್ಲಿ ದೊಡ್ಡ ಅಕ್ಷರದಿಂದ, ಮನುಷ್ಯರ ಹೆಸರು ಬರೆಯುವ ಹಾಗೆ ಬರೆದಿರುತ್ತಾರೆ. ಹದಿಮೂರು ಸಾಲಿನಲ್ಲಿ ಬೆಂಕಿಯೇ, ಗಾಯವೇ, ಸೆರೆಯೇ ಎಂದು ಸುತ್ತಿ ಸುತ್ತಿ, ತಡೆದು ತಡೆದು, ಕೊನೆಯ ಒತ್ತಿನ ಮೇಲೆ ಹೆಸರು. ಅವನು ಕಟ್ಟಿದ್ದು ಒಡಪನ್ನೇ. ಒಡಪಿನಲ್ಲಿ ಗಂಡನ ಹೆಸರು ಬರುವಲ್ಲಿ ಅವನು ಪ್ರೀತಿಯ ಹೆಸರನ್ನೇ ಇಟ್ಟ.

ಮನೆ ಮಾಲೀಕರು ಒಪ್ಪಲಿಲ್ಲ. ಕೊನೆಯ ಮೂರು ಸಾಲು ಪ್ರಶ್ನೆ, ತನ್ನೊಳಗೇ ಇಷ್ಟು ವಿರೋಧವಿರುವ ಪ್ರೀತಿ ಮನುಷ್ಯರ ನಡುವೆ ಸ್ನೇಹವನ್ನು ಹೇಗೆ ಹುಟ್ಟಿಸೀತು ಎಂದು ಕವಿ ಕೇಳುತ್ತಿದ್ದಾನೆ, ಅದಕ್ಕೆ ಉತ್ತರ ಬೈಬಲಿನಲ್ಲಿ ಕೊರಿಂಥದವರಿಗೆ ಪೌಲ ಬರೆದ ಪತ್ರದಲ್ಲಿದೆ ಎಂದರು. 1989ರಲ್ಲಿ ಬ್ರೆಜಿಲಿನ ಲೆಜಿಯಾಂವ್ ಉರ್ಬಾನಾ ಎಂಬ ರಾಕ್ ತಂಡ ಪೌಲನ ಆ ಮಾತುಗಳನ್ನೂ ಈ ಸಾನೆಟ್ಟನ್ನೂ ಹೆಣೆದು ಒಂದು ಹಾಡು ಮಾಡಿದೆ. ಅದನ್ನು ಮೊಮ್ಮಗಳ ಮೊಬೈಲಿನಲ್ಲಿ ಹಾಕಿಸಿ ಕೇಳಿಸಿದರು. ಹಾಡು ಚೆನ್ನಾಗಿದೆ. ಆದರೆ ಪೌಲನ ಪ್ರೀತಿ ತಾಳ್ಮೆಯದು, ತನ್ನ ಜೊತೆ ತಾನು ಜಗಳವಾಡದ್ದು. ಕಮೋಯಿಶನ ಪ್ರಶ್ನೆ ಹುಟ್ಟುವುದೇ ಆ ಜಗಳದಿಂದ. ಒಂದನ್ನು ಇನ್ನೊಂದರ ಉತ್ತರ ಮಾಡಿದರೆ ಹನ್ನೊಂದು ಸಾಲು ವ್ಯರ್ಥವಾಗುತ್ತದೆ ಎಂದು ನಾನಂದೆ. ಹಾಗಾದರೆ ನಿನ್ನ ಒಡಪಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಎಲ್ಲಿದೆ ಎಂದು ಕೇಳಿದರು. ಒಡಪಿನಲ್ಲಿ ಪ್ರಶ್ನೆ ಮೊದಲೇ ಇರುತ್ತದೆ, ಕೂತವರೆಲ್ಲ ಸೇರಿ ಕೇಳಿರುತ್ತಾರೆ, ಹೆಸರೇ ಅದಕ್ಕೆ ಉತ್ತರ ಎಂದೆ. ಅವರು ಮತ್ತೆ ತೊಡೆ ತಟ್ಟುತ್ತ ಕೊನೆಯ ಸಾಲನ್ನು ಎರಡು ಬಗೆಯಲ್ಲಿ ಹೇಳಿ ನೋಡಿದರು, ಒಮ್ಮೆ ದನಿ ಏರಿಸಿ, ಒಮ್ಮೆ ಇಳಿಸಿ. ಎರಡೂ ಛಂದಸ್ಸಿಗೆ ಸರಿಹೊಂದಿದವು. ಏರಿಸಿ ಹೇಳಿದ್ದೇ ಸರಿ ಎಂದು ಅವರು, ಇಳಿಸಿದ್ದೇ ಸರಿ ಎಂದು ನಾನು.